ಅಜ್ಜ ಲುಫ್ಟ್‌ವಾಫೆ ಪೈಲಟ್ ಆಗಿದ್ದರೆ: ಫ್ರೈಬುರ್ಗ್‌ಗೆ ಹೊರಡುವ ಮುಂಚೆ

ಜರ್ಮನಿಯ ಹಳೇ ಮಿಲಿಟರಿ ಕಾಗದಗಳೆಲ್ಲ ಫ್ರೈಬುರ್ಗ್ ಊರಿನ ಮಿಲಿಟರಿ ದಾಖಲೆಗಳ ಭಂಡಾರದಲ್ಲಿವೆ ಅಂತ ಯಾರಾದರೂ ಹೇಳಿದ ತಕ್ಷಣ ರೈಲು ಟಿಕೆಟ್ ತೆಗೆಯಬೇಡಿ. ಮೊದಲು ಬರ್ಲಿನ್‌ಗೆ ಪತ್ರ ಬರೆಯಿರಿ.

ನನ್ನ ಗಂಡ ಜರ್ಮನ್. ಅವರ ಅಜ್ಜ ಎರಡನೇ ಮಹಾಯುದ್ಧದಲ್ಲಿ ಲುಫ್ಟ್‌ವಾಫೆ, ಅಂದರೆ ಜರ್ಮನ್ ವಾಯುಪಡೆಯ ಪೈಲಟ್. ಮನೆಯಲ್ಲಿ ಆ ಮಾತು ಯಾರೂ ಎತ್ತುತ್ತಿರಲಿಲ್ಲ. ಹೊರಗಿನಿಂದ ಬಂದ ಸೊಸೆ ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳಲ್ಲ ಅಂತ ಹುಡುಕುವ ಕೆಲಸ ನನ್ನ ತಲೆಗೆ ಬಿತ್ತು. ಇಲ್ಲಿಗೆ ಮದುವೆಯಾಗಿ ಬಂದ ಕನ್ನಡಿಗರಲ್ಲಿ ಇನ್ನೂ ಕೆಲವರಿಗೆ ಈ ಕುತೂಹಲ ಇರಬಹುದು, ಅಲ್ವಾ?

ಬರ್ಲಿನ್‌ನ ರೈನಿಕೆನ್‌ಡಾರ್ಫ್‌ನಲ್ಲಿ ಸೈನಿಕರ ಕಾರ್ಡುಗಳಿವೆ, 1.8 ಕೋಟಿಗೂ ಜಾಸ್ತಿ. ಹಿಂದೆ ಅದಕ್ಕೆ 'ವಾಸ್ಟ್' ಎನ್ನುತ್ತಿದ್ದರು. 2019ರಿಂದ ಅದು ಬುಂಡೆಸ್‌ಆರ್ಕೀವ್‌ನ, ಅಂದರೆ ಜರ್ಮನಿಯ ರಾಷ್ಟ್ರೀಯ ದಾಖಲೆ ಭಂಡಾರದ ಭಾಗ. ಪೂರ್ತಿ ಹೆಸರು, ಹುಟ್ಟಿದ ದಿನ, ಹುಟ್ಟಿದ ಊರು ಕೊಟ್ಟರೆ ಯಾವ ಘಟಕದಲ್ಲಿದ್ದರು, ಗಾಯಗೊಂಡರಾ, ಸೆರೆ ಸಿಕ್ಕರಾ ಅನ್ನುವುದು ಸಿಗಬಹುದು. ಉತ್ತರಕ್ಕೆ ತಿಂಗಳುಗಟ್ಟಲೆ ಕಾಯಬೇಕು. ಘಟಕದ ಹೆಸರು ಗೊತ್ತಿಲ್ಲದೆ ಫ್ರೈಬುರ್ಗ್‌ಗೆ ಹೋದರೆ ಸುಮ್ನೆ ಊರು ನೋಡಿಕೊಂಡು ಬರಬೇಕಾಗುತ್ತದೆ.

ಜಾಸ್ತಿ ಆಸೆಯೂ ಬೇಡ. 1945ರಲ್ಲಿ ಸೋಲು ಹತ್ತಿರ ಬಂದಾಗ ಲುಫ್ಟ್‌ವಾಫೆಯವರೇ ತಮ್ಮ ಬಹುಪಾಲು ಕಾಗದ ಸುಟ್ಟರು. ನಿಮ್ಮದು ಮೊದಲನೇ ಮಹಾಯುದ್ಧದ ಮುತ್ತಜ್ಜನ ಕಥೆಯಾದರೆ ದಾರಿಯೇ ಬೇರೆ. ಪ್ರಷ್ಯಾ ಸೈನ್ಯದ ದಾಖಲೆಗಳು 1945ರ ಏಪ್ರಿಲ್‌ನಲ್ಲಿ ಪೋಟ್ಸ್‌ಡಾಮ್ ಮೇಲೆ ಬಾಂಬ್ ಬಿದ್ದಾಗ ಸುಟ್ಟವು. ಬವೇರಿಯಾದವು ಉಳಿದಿವೆ, ಮ್ಯೂನಿಕ್‌ನ ಕ್ರೀಗ್ಸ್‌ಆರ್ಕೀವ್ ಎಂಬ ಯುದ್ಧ ದಾಖಲೆಗಳ ಭಂಡಾರದಲ್ಲಿ.

ಮನೆಯ ಅಟ್ಟ ಹುಡುಕುವುದನ್ನು ಮರೆಯಬೇಡಿ. ನಮಗೆ ಸಿಕ್ಕ ದೊಡ್ಡ ಆಸ್ತಿ ಅಲ್ಲಿದ್ದ 'ಫ್ಲೂಗ್‌ಬುಖ್', ಅಂದರೆ ಹಾರಾಟದ ಲೆಕ್ಕದ ಪುಸ್ತಕ. ವಿಮಾನ, ಹಾರಾಟದ ಉದ್ದೇಶ, ಹೊರಟ ಜಾಗ, ಇಳಿದ ಜಾಗ, ಸಮಯ, ಎಲ್ಲದಕ್ಕೂ ಒಂದೊಂದು ಕಾಲಂ. 1942ರ ಡಿಸೆಂಬರ್ ಪುಟಗಳಲ್ಲಿ ಯುಂಕರ್ಸ್ 52 ವಿಮಾನ, ಟಾಟ್ಸಿನ್‌ಸ್ಕಾಯಾ ವಿಮಾನ ನೆಲೆಯಿಂದ ಪಿಟೋಮ್ನಿಕ್ ವಿಮಾನ ನೆಲೆಗೆ, ಮತ್ತೆ ವಾಪಸ್. ಸ್ಟಾಲಿನ್‌ಗ್ರಾಡ್‌ನಲ್ಲಿ ಸಿಕ್ಕಿಬಿದ್ದ ಜರ್ಮನ್ ಸೈನ್ಯಕ್ಕೆ ಸರಕು. ಡಿಸೆಂಬರ್ 24ರ ನಂತರ ಟಾಟ್ಸಿನ್‌ಸ್ಕಾಯಾ ಹೆಸರೇ ಇಲ್ಲ, ಸಾಲ್ಸ್ಕ್ ಎಂಬ ಇನ್ನೊಂದು ನೆಲೆ ಶುರು. ಆ ದಿನ ಸೋವಿಯತ್ ಟ್ಯಾಂಕುಗಳು ಟಾಟ್ಸಿನ್‌ಸ್ಕಾಯಾ ರನ್‌ವೇಗೇ ನುಗ್ಗಿದ್ದವು. ಪುಸ್ತಕದಲ್ಲಿ ಅದರ ಬಗ್ಗೆ ಒಂದಕ್ಷರವಿಲ್ಲ.

ಇದೆಲ್ಲ ಕೈಯಲ್ಲಿದ್ದರೆ ಫ್ರೈಬುರ್ಗ್ ಸಲೀಸು. ಓದುವ ಕೋಣೆಯಲ್ಲಿ ಸೀಟನ್ನು ಮೊದಲೇ ಕಾಯ್ದಿರಿಸಿ, ಫೈಲುಗಳನ್ನು ಆನ್‌ಲೈನ್ ಪಟ್ಟಿ 'ಇನ್ವೆನಿಯೋ'ದಲ್ಲಿ ಹುಡುಕಿಟ್ಟುಕೊಳ್ಳಿ. ಅಲ್ಲಿ ಫೈಲುಗಳ ಗುಂಪಿಗೆ ಗುರುತಿನ ಸಂಖ್ಯೆ ಇರುತ್ತದೆ: ಹಾರುವ ಘಟಕಗಳದ್ದು ಆರ್‌ಎಲ್ 10, ಅಧಿಕಾರಿಗಳ ಸೇವಾ ಕಡತ ಪೆರ್ಸ್ 6. ಪೆನ್ ಬೇಡ, ಪೆನ್ಸಿಲ್ ಒಯ್ಯಿರಿ. ನಷ್ಟದ ವರದಿಗಳನ್ನು ತಪ್ಪದೆ ನೋಡಿ. ವಿಮಾನಕ್ಕೆ ಎಷ್ಟು ಪೆಟ್ಟಾಯಿತು ಎಂದು ಶೇಕಡಾ ಲೆಕ್ಕದಲ್ಲಿ ಬರೆದಿರುತ್ತಾರೆ. 60 ದಾಟಿದರೆ ಗುಜರಿ ಅಂತ ಲೆಕ್ಕ. ಹೆಸರಿನ ಪಕ್ಕ 'ಎಫ್' ಇದ್ದರೆ ಪೈಲಟ್, 'ಬಿಎಫ್' ಇದ್ದರೆ ರೇಡಿಯೋ ನೋಡಿಕೊಳ್ಳುವವರು. ಟೈಪ್ ಮಾಡಿದ್ದು ಓದಬಹುದು. ಹಳೇ ಜರ್ಮನ್ ಕೈಬರಹ ನನ್ನ ಗಂಡನಿಗೇ ಬರಲಿಲ್ಲ, ಪಕ್ಕದ ಮನೆಯ ಅಜ್ಜಿ ಓದಿಕೊಟ್ಟರು.

ಬರೀ ಸರಕು ಸಾಗಿಸಿದರು ಅಂತ ಮನೆಯವರಿಗೆ ಸಮಾಧಾನ. ನನಗೆ ಅಷ್ಟು ಸುಲಭ ಅನ್ನಿಸಲಿಲ್ಲ. ಆ ಸರಕು ಹೋಗಿದ್ದು ಇನ್ನೊಬ್ಬರ ದೇಶಕ್ಕೆ ನುಗ್ಗಿದ ಸೈನ್ಯಕ್ಕೆ ತಾನೇ? ನಾಜಿ ಪಕ್ಷದ ಸದಸ್ಯತ್ವದ ಕಾರ್ಡುಗಳು ಬರ್ಲಿನ್‌ನ ಲಿಖ್ಟರ್‌ಫೆಲ್ಡೆಯಲ್ಲಿವೆ. ಹುಡುಕುವುದಾದರೆ ಅದನ್ನೂ ಕೇಳಿ, ಅರ್ಧಕ್ಕೆ ನಿಲ್ಲಿಸಬೇಡಿ. ಫ್ರೈಬುರ್ಗ್‌ನಲ್ಲೇ ಸ್ಟ್ಯೂಲಿಂಗರ್ ಬಡಾವಣೆಯ ಹಿಲ್ಡಾ ಆಟದ ಮೈದಾನಕ್ಕೂ ಹೋಗಿಬನ್ನಿ. 1940ರ ಮೇ 10ರಂದು ಜರ್ಮನ್ ವಿಮಾನಗಳೇ ದಾರಿ ತಪ್ಪಿ ಈ ಊರಿನ ಮೇಲೆ ಬಾಂಬ್ ಹಾಕಿದವು. 57 ಜನ ಸತ್ತರು, ಅವರಲ್ಲಿ ಮಕ್ಕಳೂ ಇದ್ದರು. ಸರ್ಕಾರ ಮಾತ್ರ ಶತ್ರುಗಳ ಕೆಲಸ ಅಂತ ಸಾರಿತು.

ರಜಾ ದಿನ ನೋಡಿಕೊಳ್ಳಿ. ಬರ್ಲಿನ್‌ನಲ್ಲಿ ಇಲ್ಲದ ರಜೆಗಳು ಫ್ರೈಬುರ್ಗ್‌ನಲ್ಲಿವೆ, ಜನವರಿ 6 ಮತ್ತು ನವೆಂಬರ್ 1 ಅಂಥವು. ಮಂಗಳೂರು ಕಡೆಯವರಾದರೆ ಒಂದು ದಿನ ಜಾಸ್ತಿ ಇಟ್ಟುಕೊಳ್ಳಿ. ರೈಲಿನಲ್ಲಿ ಮುಕ್ಕಾಲು ಗಂಟೆ ಹೋದರೆ ಸ್ವಿಟ್ಜರ್ಲೆಂಡ್‌ನ ಬಾಸೆಲ್. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನ ಕಾಗದಗಳು, ಹಳೇ ಫೋಟೋಗಳು ಅಲ್ಲಿವೆ. ಅಲ್ಲಿಗೂ ಹೋಗುವ ಮುಂಚೆ ಮೇಲ್ ಹಾಕಿ.