ಕಿತ್ತಯ್ಯನ ಕಲ್ಲಿನ ಮುಂದೆ ಒಂದು ಬೆಳಗು

ಚಳಿಗಾಲದ ಒಂದು ಭಾನುವಾರ, ಶಾಸನಗಳಲ್ಲಿ ಆಸಕ್ತಿಯುಳ್ಳ ಕೆಲವರೊಂದಿಗೆ ಬೆಂಗಳೂರಿನ ಹೆಬ್ಬಾಳದ ವೀರಗಲ್ಲನ್ನು ನೋಡಲು ಹೋಗಿದ್ದೆ. ಗಂಗರ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ಈ ಶಾಸನವು ಪೆರ್ಬೊಳಲ್‌ನಾಡಿನ (ಇಂದಿನ ಹೆಬ್ಬಾಳದ ಸೀಮೆ) ಮೇಲೆ ದಾಳಿಯಾದಾಗ ಕಾದಿ ಮಡಿದ ಕಿತ್ತಯ್ಯನೆಂಬ ವೀರನನ್ನು ಸ್ಮರಿಸುತ್ತದೆ. 2018ರಲ್ಲಿ ಬೆಳಕಿಗೆ ಬಂದ ಈ ಕಲ್ಲನ್ನು ಕಾಪಾಡಲು ಮುಂದಾದವರಲ್ಲಿ ಹೆಬ್ಬಾಳದ ನಿವಾಸಿಗಳೂ ಇದ್ದರು.

ನಮ್ಮೊಂದಿಗಿದ್ದ ಹಿರಿಯರೊಬ್ಬರು ಸಾಲುಗಳ ಮೇಲೆ ಬೆರಳಾಡಿಸುತ್ತಾ ಹಳಗನ್ನಡವನ್ನು ನಿಧಾನವಾಗಿ ಓದತೊಡಗಿದಾಗ, ತರಕಾರಿ ಚೀಲ ಹಿಡಿದು ಹೋಗುತ್ತಿದ್ದವರು, ವಾಯುವಿಹಾರಕ್ಕೆ ಬಂದವರು, ಆಟ ನಿಲ್ಲಿಸಿದ ಮಕ್ಕಳು ಒಬ್ಬೊಬ್ಬರಾಗಿ ಬಂದು ಸುತ್ತ ನಿಂತರು. ಅವರಲ್ಲಿ ಹಲವರು ಬೇರೆ ಜಿಲ್ಲೆಗಳಿಂದ, ಬೇರೆ ರಾಜ್ಯಗಳಿಂದ ಬಂದು ನೆಲೆಸಿದವರು. "ಕಿತ್ತಯ್ಯನ ಮನೆ ಎಲ್ಲಿತ್ತು?" ಎಂದು ಒಬ್ಬ ಹುಡುಗ ಕೇಳಿದ. ಶಾಸನ ಅದನ್ನು ಹೇಳುವುದಿಲ್ಲ. ಆದರೂ ತಾನು ದಿನವೂ ಓಡಾಡುವ ನೆಲದಲ್ಲಿ ಹನ್ನೆರಡು ಶತಮಾನಗಳಿಗೂ ಹಿಂದೆ ಒಬ್ಬ ಮನುಷ್ಯ ಬಾಳಿದ್ದನೆಂಬುದನ್ನು ಆ ಹುಡುಗ ಒಪ್ಪಿಕೊಂಡಿದ್ದನೆಂಬುದಕ್ಕೆ ಆ ಪ್ರಶ್ನೆಯೇ ಸಾಕ್ಷಿಯಾಗಿತ್ತು. ಪುರಾತತ್ತ್ವದಿಂದ ಸಮಾಜಕ್ಕೇನು ಪ್ರಯೋಜನ ಎಂದು ಕೇಳುವವರಿಗೆ ನಾನು ಮೊದಲು ಹೇಳಬಯಸುವುದು ಇದನ್ನೇ.

ಇಂಥ ಕಲ್ಲುಗಳ ಉಳಿವು ಬಹುಮಟ್ಟಿಗೆ ನೆರೆಯವರ ಕೈಯಲ್ಲಿದೆ. ಪ್ರಾಚೀನ ಸ್ಮಾರಕಗಳ ಕುರಿತ 1961ರ ರಾಜ್ಯ ಕಾಯ್ದೆಯ ರಕ್ಷಣೆ ದೊರೆಯುವುದು ಸಂರಕ್ಷಿತವೆಂದು ಘೋಷಿತವಾದ ಸ್ಮಾರಕಗಳಿಗೆ. ಹೊಲದ ಬದುವಿನಲ್ಲಿ, ಕೆರೆಯ ಏರಿಯ ಮೇಲೆ ನಿಂತಿರುವ ಅಸಂಖ್ಯ ವೀರಗಲ್ಲುಗಳು ಆ ಪಟ್ಟಿಯಲ್ಲಿಲ್ಲ. ಶಾಸನತಜ್ಞ ಬಿ.ಎಲ್. ರೈಸ್ 1905ರಲ್ಲಿ ಪ್ರಕಟಿಸಿದ ಬೆಂಗಳೂರು ಜಿಲ್ಲೆಯ ಶಾಸನ ಸಂಪುಟದಲ್ಲಿ ದಾಖಲಾದ ಹಲವು ಕಲ್ಲುಗಳು ನಗರ ಬೆಳೆದಂತೆ ಕಾಣೆಯಾಗಿವೆ. ಬೆಂಗಳೂರಿನ ಇತಿಹಾಸ ಸಂಶೋಧನಾ ಸಂಸ್ಥೆಯಾದ ಮಿಥಿಕ್ ಸೊಸೈಟಿಯ ತಂಡ ಬೆಂಗಳೂರು ಸುತ್ತಲಿನ ಶಾಸನಗಳನ್ನು 3ಡಿ ಸ್ಕ್ಯಾನ್ ಮಾಡುತ್ತಿರುವುದರಿಂದ ಸವೆದ ಅಕ್ಷರಗಳನ್ನೂ ಓದಲು ಸಾಧ್ಯವಾಗುತ್ತಿದೆ. ಇದು ಅಮೂಲ್ಯವಾದ ಕೆಲಸ. ಆದರೆ ಸ್ಕ್ಯಾನಿನಲ್ಲಿ ಪಠ್ಯ ಉಳಿಯುತ್ತದೆಯೇ ಹೊರತು, ಅಗೆಯುವ ಯಂತ್ರ ಕಲ್ಲಿನ ಬಳಿಗೆ ಬಂದ ದಿನ ಅದಕ್ಕೆ ಅಡ್ಡ ನಿಲ್ಲಬೇಕಾದವರು ಅಲ್ಲಿಯ ಜನರೇ. ಕಲ್ಲು ನಿಂತ ಜಾಗವೂ ಚರಿತ್ರೆಯ ಭಾಗವಾದ್ದರಿಂದ, ಸಾಧ್ಯವಿರುವೆಡೆಯೆಲ್ಲ ಅದನ್ನು ಊರಿನಲ್ಲೇ ಉಳಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ನಾವು ಹೊರಡುವಾಗ ಮಧ್ಯವಯಸ್ಸಿನ ಹೆಂಗಸೊಬ್ಬರು ಹತ್ತಿರ ಬಂದು, "ನಮ್ ತವರೂರಲ್ಲೂ ಕೆರೆ ಏರಿ ಮೇಲೆ ಇಂಥದ್ದೊಂದು ಕಲ್ಲೈತೆ ಸರ್, ಅಕ್ಷರ ಐತೆ, ಯಾರೂ ಓದಿಲ್ಲ" ಎಂದರು. ಹಿರಿಯರು ಊರಿನ ಹೆಸರು, ಏರಿಗೆ ಹೋಗುವ ದಾರಿ ಎರಡನ್ನೂ ಬರೆದುಕೊಂಡು, ಕಲ್ಲಿಗೆ ಸುಣ್ಣ, ಬಣ್ಣ ಬಳಿಯದಂತೆ ಮನೆಯವರಿಗೆ ತಿಳಿಸಲು ಹೇಳಿದರು. ಆಕೆ ಅಲ್ಲಿಂದಲೇ ತಮ್ಮನಿಗೆ ಫೋನ್ ಮಾಡಿ, ಕಲ್ಲಿನ ಫೋಟೊ ಕಳಿಸುವಂತೆ ಹೇಳಿದರು.