ಉತ್ತರ ಆಮೇಲೆ, ಮೊದಲು ಪ್ರಶ್ನೆ ಓದಿ

ರಜೆಗೆ ಊರಿಗೆ ಬರುವ ಹುಡುಗ ಹುಡುಗಿಯರು ಈಗೀಗ ನನ್ನ ಹತ್ತಿರ ಒಂದು ಮಾತು ಕೇಳುತ್ತಾರೆ. "ಅಕ್ಕಾ, ಗೀತೆ ಓದಬೇಕು ಅಂತ ಇದೆ. ಎಲ್ಲಿಂದ ಶುರು ಮಾಡುವುದು?" ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಕೆಲಸ, ತಿಂಗಳಾದರೆ ಸಂಬಳ. ಆದರೂ ಒಳಗೆ ಏನೋ ಸರಿಯಿಲ್ಲ. ನಮ್ಮ ಮನೆ ಕಾಸರಗೋಡು ಕಡೆಯ ಮುಳ್ಳೇರಿಯದ ಹತ್ತಿರ. ಅಂಗಡಿಗಳ ಲೆಕ್ಕ ಬರೆಯುವುದು ನನ್ನ ಕೆಲಸ. ಭಾನುವಾರ ಮಧ್ಯಾಹ್ನ ಚಾವಡಿಯಲ್ಲಿ ನಾಲ್ಕಾರು ಜನ ಕೂತು ಉಪನಿಷತ್ತು, ಗೀತೆ ಓದುತ್ತೇವೆ. ಕೇಳಿದವರಿಗೆಲ್ಲ ನಾನು ಹೇಳುವುದು ಒಂದೇ: ಮೊದಲು ಅರ್ಜುನನ ಮಾತು ಮಾತ್ರ ಓದಿ.

700 ಶ್ಲೋಕದಲ್ಲಿ ಅರ್ಜುನನ ಪಾಲು 80ಕ್ಕಿಂತ ಸ್ವಲ್ಪ ಜಾಸ್ತಿ. ಒಂದು ಸಂಜೆಗೆ ಮುಗಿಯುತ್ತದೆ. ಕೃಷ್ಣನ ಮಾತು ಕ್ಯಾಲೆಂಡರಿನಲ್ಲಿದೆ, ವಾಟ್ಸಾಪ್ ಸ್ಟೇಟಸ್ಸಿನಲ್ಲಿದೆ, ಮದುವೆ ಕಾಗದದಲ್ಲೂ ಇದೆ. 'ಕರ್ಮಣ್ಯೇವಾಧಿಕಾರಸ್ತೇ' ಕೇಳದವರು ಯಾರು? ಅದು ಯಾರ ಯಾವ ಸಂಕಟಕ್ಕೆ ಬಂದ ಮಾತು ಅನ್ನುವುದು ಮಾತ್ರ ಮರೆತೇ ಹೋಗಿದೆ. ಅರ್ಜುನ ಸುಮ್ನೆ ತಲೆಯಾಡಿಸುವವನಲ್ಲ. ಎರಡನೇ ಅಧ್ಯಾಯ ಪೂರ್ತಿ ಕೇಳಿಸಿಕೊಂಡು, ಮೂರನೆಯದರ ಶುರುವಿಗೇ ತಕರಾರು ತೆಗೆಯುತ್ತಾನೆ. ಕರ್ಮಕ್ಕಿಂತ ಬುದ್ಧಿಯೇ ದೊಡ್ಡದಾದರೆ ಇಂಥ ಘೋರ ಕೆಲಸಕ್ಕೆ ನನ್ನನ್ನು ಯಾಕೆ ನೂಕುತ್ತೀ? ಹೀಗೂ ಹಾಗೂ ಹೇಳಿ ನನ್ನ ತಲೆ ಕೆಡಿಸುತ್ತಿದ್ದೀ. ಯಾವುದಾದರೂ ಒಂದನ್ನು ಗಟ್ಟಿ ಮಾಡಿ ಹೇಳು.

ಆರನೇ ಅಧ್ಯಾಯದಲ್ಲಿ ಅವನು ಕೇಳುವ ಒಂದು ಪ್ರಶ್ನೆ ನನಗೆ ತುಂಬ ಹತ್ತಿರದ್ದು. ಶ್ರದ್ಧೆ ಇದೆ, ಪ್ರಯತ್ನ ಸಾಲದೆ ಹೋಯಿತು, ನಡುವಿನಲ್ಲೇ ಮನಸ್ಸು ಜಾರಿತು. ಅಂಥವನು ಅತ್ತಲೂ ಇಲ್ಲ ಇತ್ತಲೂ ಇಲ್ಲ ಅಂತ, ಚೂರಾದ ಮೋಡದ ಹಾಗೆ ಹಾಳಾಗಿ ಹೋಗುತ್ತಾನಾ? ಧ್ಯಾನದ ಶಿಬಿರಕ್ಕೆ ಹೋಗಿ ಬಂದು ತಿಂಗಳಲ್ಲಿ ಬಿಟ್ಟವರು, ಜಪಮಾಲೆ ತಂದು ಕಪಾಟಿನಲ್ಲಿ ಇಟ್ಟವರು, ಎಲ್ಲರ ಹೆದರಿಕೆಯೂ ಇದೇ ಅಲ್ವಾ? ಇದು ನನ್ನದೇ ಪ್ರಶ್ನೆ ಅಂತ ಅನಿಸಿದ ಮೇಲೆ ಕೃಷ್ಣ ಏನು ಹೇಳಿದ ನೋಡಿ. ಒಳ್ಳೆಯದನ್ನು ಮಾಡ ಹೊರಟವನು ಯಾರೂ ದುರ್ಗತಿಗೆ ಹೋಗುವುದಿಲ್ಲ, ಮಗೂ. ಇಷ್ಟು ದಿನ ಸುಮ್ಮನೆ ಓದಿ ದಾಟಿದ್ದ ಸಾಲು ಆಗ ಎದೆಗೆ ನಾಟುತ್ತದೆ.

ಅಪ್ಪ ತೀರಿಕೊಂಡ ವರ್ಷ ನಾನು ಹಿಡಿದುಕೊಂಡದ್ದು ಛಾಂದೋಗ್ಯ ಉಪನಿಷತ್ತಿನ ಏಳನೇ ಅಧ್ಯಾಯವನ್ನು. ನಾರದ ಋಷಿ ಸನತ್ಕುಮಾರನ ಹತ್ತಿರ ಬಂದು ಕಲಿಸಿ ಅನ್ನುತ್ತಾನೆ. ನಿನಗೆ ಗೊತ್ತಿರುವುದನ್ನು ಮೊದಲು ಹೇಳು, ಅದರ ಮುಂದಿನದನ್ನು ನಾನು ಹೇಳುತ್ತೇನೆ ಅನ್ನುತ್ತಾನೆ ಸನತ್ಕುಮಾರ. ನಾರದ ಪಟ್ಟಿ ಒಪ್ಪಿಸುತ್ತಾನೆ. ನಾಲ್ಕು ವೇದ, ಇತಿಹಾಸ ಪುರಾಣ, ವ್ಯಾಕರಣ, ಗಣಿತ, ತರ್ಕ, ನಕ್ಷತ್ರವಿದ್ಯೆ, ಹಾವಿನ ವಿದ್ಯೆ, ಇನ್ನೂ ಏನೇನೋ. ಎಲ್ಲ ಹೇಳಿ ಕೊನೆಗೆ, ನನಗೆ ಮಂತ್ರ ಗೊತ್ತು, ಆತ್ಮ ಗೊತ್ತಿಲ್ಲ ಅನ್ನುತ್ತಾನೆ. ಆತ್ಮವನ್ನು ತಿಳಿದವನು ಶೋಕವನ್ನು ದಾಟುತ್ತಾನೆ ಅಂತ ನಿಮ್ಮಂಥವರಿಂದ ಕೇಳಿದ್ದೇನೆ. ನಾನು ಶೋಕದಲ್ಲಿದ್ದೇನೆ, ನನ್ನನ್ನು ದಾಟಿಸಿ. ಆ ದಿನಗಳಲ್ಲಿ ಫೋನಿನಲ್ಲಿ ಪ್ರವಚನ ಕೇಳಿ ಕೇಳಿ ಸಾವಿನ ಬಗ್ಗೆ ನನಗೂ ಬೇಕಾದಷ್ಟು ಗೊತ್ತಿತ್ತು. ಅಪ್ಪನ ಎಲೆಯಡಿಕೆ ಪೆಟ್ಟಿಗೆ ತೆರೆದು, ಸುಣ್ಣ ಒಣಗಿ ಬಿರುಕು ಬಿಟ್ಟದ್ದು ಕಂಡಾಗ ಅದರಲ್ಲಿ ಒಂದೂ ಉಪಯೋಗಕ್ಕೆ ಬರಲಿಲ್ಲ. ಅಷ್ಟು ಕಲಿತ ನಾರದನೇ 'ನನಗೆ ದುಃಖ ಇದೆ' ಅಂದದ್ದು ಬಂತು. ಸಮಾಧಾನ ಸಿಕ್ಕಿತು ಅಂತಲ್ಲ. ಮುಂದಿನ ಪುಟ ಓದುವ ಧೈರ್ಯ ಬಂತು.

ನಮ್ಮ ಕಡೆಯವರಿಗೆ ಈ ದಾರಿ ಹೊಸದೂ ಅಲ್ಲ. ಯಕ್ಷಗಾನದ ತಾಳಮದ್ದಳೆ ಕೇಳಿ ಬೆಳೆದವರು ನಾವು. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿಗಳು ಎದುರುಬದುರು ಕೂತು ಮಾತಿನಲ್ಲೇ ಹಿಡಿದಾಡುತ್ತಾರೆ. 1973ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ದೇಶಕ್ಕೆಲ್ಲ ಹೆಸರು ಗೊತ್ತಿರುವ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳು ನಮಗೆ ಭಾಗವತಿಕೆ ಮಾಡುತ್ತಿದ್ದ ಸ್ವಾಮಿಗಳೂ ಹೌದು. ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ಹೆಸರಿನಲ್ಲಿ ಬಂದ ರಾಮಾಯಣದ ಪದ್ಯಗಳು ಇವತ್ತಿಗೂ ಕೂಟಗಳಲ್ಲಿ ಕೇಳುತ್ತವೆ. ವಾಲಿವಧೆಯನ್ನೇ ತೆಗೆದುಕೊಳ್ಳಿ. ಬಾಣ ನೆಟ್ಟು ಬಿದ್ದ ವಾಲಿ ರಾಮನನ್ನು ಕೇಳುತ್ತಾನೆ: ನಾನು ಬೇರೆಯವನ ಜೊತೆ ಹೋರಾಡುತ್ತಿದ್ದೆ, ನೀನು ಮರೆಯಿಂದ ಹೊಡೆದೆ. ನಿನ್ನ ನಾಡಿಗೆ ನಾನು ಏನು ಕೇಡು ಮಾಡಿದ್ದೆ? ಸೀತೆ ಬೇಕಿದ್ದರೆ ನನಗೆ ಹೇಳಬಾರದಿತ್ತಾ? ಇದು ವಾಲ್ಮೀಕಿಯಲ್ಲೇ ಇರುವ ಮಾತು. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಗಳು ಇದನ್ನು ಬೆಳೆಸುವಾಗ ರಾಮನ ಅರ್ಥ ಹೇಳುವವರಿಗೆ ಸುಲಭ ಇರಲಿಲ್ಲ. ಕೇಳಲು ಬಂದವರೆಲ್ಲ ರಾಮನ ಭಕ್ತರೇ. ಆದರೂ ವಾಲಿಯ ಬಾಯಿ ಮುಚ್ಚಿಸಿ ಅಂತ ಯಾರೂ ಹೇಳಲಿಲ್ಲ. ಭಕ್ತಿ ಗಟ್ಟಿ ಇದ್ದ ಕಡೆ ಪ್ರಶ್ನೆಗೆ ಹೆದರಿಕೆ ಇರಲಿಲ್ಲ ಅಂತ ನನಗೆ ಅನಿಸುತ್ತದೆ.

ಕರ್ಕಾಟಕ ತಿಂಗಳು, ಅಂದರೆ ತುಳುವಿನ ಆಟಿ, ಬಂದರೆ ಪಕ್ಕದ ಮಲಯಾಳಿ ಮನೆಯಲ್ಲಿ ಸಂಜೆ ದೀಪ ಹಚ್ಚಿ ಮಲಯಾಳದ ಕವಿ ಎಳುತ್ತಚ್ಚನ್ ಅವರ ಅಧ್ಯಾತ್ಮ ರಾಮಾಯಣ ಓದುತ್ತಾರೆ. ಗಿಳಿ ಹೇಳುವ ಕಥೆ ಅದು, ಅದರೊಳಗೆ ಪಾರ್ವತಿ ಕೇಳಿ ಶಿವ ಹೇಳಿದ ಕಥೆ. ಮಳೆ ಜೋರಿದ್ದರೂ ನಾನು ಹೋಗಿ ಕೂರುತ್ತೇನೆ. ಅದರಲ್ಲಿ ಒಂದು ಕಡೆ ಬರುತ್ತದೆ: ಹಾವಿನ ಗಂಟಲಲ್ಲಿ ಸಿಕ್ಕಿಬಿದ್ದ ಕಪ್ಪೆ ಆಗಲೂ ತಿನ್ನಲು ಏನಾದರೂ ಸಿಗುತ್ತಾ ಅಂತ ನೋಡುವ ಹಾಗೆ, ಕಾಲದ ಬಾಯಲ್ಲಿರುವ ಜನ ಸುಖಕ್ಕೆ ಆಸೆಪಡುತ್ತಾರೆ. ಹೊರಗೆ ತೋಟದ ತೋಡಿನಲ್ಲಿ ಕಪ್ಪೆಗಳು ವಟಗುಟ್ಟುತ್ತಿರುವಾಗ ಇದನ್ನು ಕೇಳಬೇಕು! ಇದೊಂದನ್ನೇ ಕಿತ್ತು ತೆಗೆದರೆ, ಬದುಕು ವ್ಯರ್ಥ, ಆಸೆ ಬಿಡಿ ಅನ್ನುವ ಒಣ ಉಪದೇಶ. ಆದರೆ ರಾಮ ಇದನ್ನು ಹೇಳಿದ್ದು ಲಕ್ಷ್ಮಣನಿಗೆ. ಅಣ್ಣನಿಗೆ ಪಟ್ಟ ತಪ್ಪಿತು ಅಂತ ಉರಿದು, ಆಯುಧ ಎತ್ತಲು ಹೊರಟವನಿಗೆ. ಅದೂ ತಾನೇ ಎಲ್ಲ ಕಳೆದುಕೊಂಡ ದಿನ, ತಮ್ಮನನ್ನು ಹತ್ತಿರ ಕರೆದು. ಆಸ್ತಿ ಪಾಲಿನ ಜಗಳದಲ್ಲಿ ಅಣ್ಣತಮ್ಮಂದಿರು ಮಾತು ಬಿಟ್ಟ ಮನೆಗಳು ನಮ್ಮಲ್ಲಿ ಕಡಿಮೆಯಾ? ಅಂಥವರು ಲಕ್ಷ್ಮಣನ ಸಿಟ್ಟಿನ ಕಡೆಯಿಂದ ಇದನ್ನು ಓದಲಿ.

ಒಂದು ಭಾನುವಾರ ನಮ್ಮ ಓದಿಗೆ ಬಂದ ಕಾಲೇಜು ಹುಡುಗಿಗೆ ಬೃಹದಾರಣ್ಯಕ ಉಪನಿಷತ್ತು ಓದುವಾಗ ಸಿಟ್ಟೇ ಬಂತು. ಜನಕ ರಾಜನ ಸಭೆ. ವಿದುಷಿ ಗಾರ್ಗಿ ಋಷಿ ಯಾಜ್ಞವಲ್ಕ್ಯನನ್ನು ಮೇಲಿಂದ ಮೇಲೆ ಕೇಳುತ್ತಾಳೆ, ಇದು ಯಾವುದರಲ್ಲಿ ನೇಯ್ದಿದೆ, ಅದು ಯಾವುದರಲ್ಲಿ ಅಂತ. ಯಾಜ್ಞವಲ್ಕ್ಯ, ಅತಿಯಾಗಿ ಕೇಳಬೇಡ, ತಲೆ ಉರುಳೀತು ಅನ್ನುತ್ತಾನೆ. ಅವಳು ಸುಮ್ಮನಾಗುತ್ತಾಳೆ. "ನೋಡಿ, ಹೆಂಗಸು ಕೇಳಿದರೆ ಇಷ್ಟೇ" ಅಂದಳು ಹುಡುಗಿ. ಜಾತಿ, ಹೆಣ್ಣು ಅಂದ ಕೂಡಲೇ ನಮ್ಮ ಗ್ರಂಥಗಳಲ್ಲಿ ಎಡವುವ ಜಾಗ ಇದೆ. ಅದನ್ನು ಮುಚ್ಚಿಟ್ಟು ಓದಿಸುವುದು ನನಗೆ ಸರಿ ಕಾಣುವುದಿಲ್ಲ. ಆ ದಿನ ನಾವು ಅವಳ ಮಾತನ್ನು ಹಾಗೇ ಇಟ್ಟುಕೊಂಡು ಮುಂದೆ ಓದಿದೆವು. ಒಂದು ಭಾಗ ಬಿಟ್ಟು ಗಾರ್ಗಿ ಮತ್ತೆ ಏಳುತ್ತಾಳೆ. ಕಾಶಿಯ ಇಲ್ಲವೇ ವಿದೇಹದ ವೀರನ ಮಗ ಹೆದೆ ಏರಿಸಿ ಎರಡು ಬಾಣ ಹಿಡಿದು ಎದ್ದ ಹಾಗೆ ಎರಡು ಪ್ರಶ್ನೆ ಹಿಡಿದು ಎದ್ದಿದ್ದೇನೆ, ಉತ್ತರ ಹೇಳು ಅನ್ನುತ್ತಾಳೆ. ದಪ್ಪವೂ ಅಲ್ಲದ, ಸಣ್ಣದೂ ಅಲ್ಲದ, ನೆರಳೂ ಕತ್ತಲೂ ಇಲ್ಲದ ಅಕ್ಷರದ, ಅಂದರೆ ನಾಶ ಇಲ್ಲದ್ದರ ಬಗ್ಗೆ ಯಾಜ್ಞವಲ್ಕ್ಯ ಹೇಳಿದ್ದು ಆ ಪ್ರಶ್ನೆಗೆ. ಕೊನೆಗೆ ಸಭೆಗೆ ತೀರ್ಪು ಹೇಳುವವಳೂ ಅವಳೇ: ಇವನಿಗೆ ನಮಸ್ಕಾರ ಮಾಡಿ ಪಾರಾದರೆ ಅದೇ ದೊಡ್ಡದು ಅಂತ ತಿಳಿಯಿರಿ. ಹುಡುಗಿ ಆ ಭಾಗವನ್ನು ಇನ್ನೊಮ್ಮೆ ಗಟ್ಟಿಯಾಗಿ ಓದಿಸಿಕೊಂಡಳು. ಮೊದಲಿನ ಸಿಟ್ಟು ಪೂರ್ತಿ ಹೋಗಲಿಲ್ಲ, ಹೋಗಬೇಕಾಗಿಯೂ ಇಲ್ಲ.

ಈ ಆಟಿಯಲ್ಲಿ ಪ್ರಶ್ನೋಪನಿಷತ್ತು ತೆಗೆದುಕೊಳ್ಳುತ್ತೇವೆ. ಆರು ಜನ, ಆರು ಪ್ರಶ್ನೆ, ಎಲ್ಲ ಸೇರಿ 67 ಮಂತ್ರ. ಋಷಿ ಪಿಪ್ಪಲಾದ ಆ ಆರು ಜನರನ್ನು ಒಂದು ವರ್ಷ ತನ್ನಲ್ಲಿ ಇರಿಸಿಕೊಂಡು, ಆಮೇಲೆ ಬೇಕಾದ್ದನ್ನು ಕೇಳಿ, ನಮಗೆ ಗೊತ್ತಿದ್ದರೆ ಎಲ್ಲವನ್ನೂ ಹೇಳುತ್ತೇವೆ ಅನ್ನುತ್ತಾನೆ. ಊರಿನಲ್ಲಿ ಇರುವವರು ಬನ್ನಿ. ಸಂಸ್ಕೃತ ಬರಬೇಕು ಅಂತಿಲ್ಲ, ಕನ್ನಡ ಅರ್ಥ ಇಟ್ಟುಕೊಂಡೇ ನಾವು ಓದುವುದು. ನಿಮ್ಮದೊಂದು ಪ್ರಶ್ನೆ ಇದ್ದರೆ ಅದನ್ನೂ ತನ್ನಿ.