ಡಿಸ್ಟ್ರೋ ಆರಿಸುವ ಮುಂಚೆ: ಅಪ್‌ಡೇಟ್ ಯಾವಾಗ ಬರಬೇಕು?

ಲಿನಕ್ಸ್ ಹಾಕಿಕೊಳ್ಳಬೇಕು ಅಂತ ಕೇಳಿದರೆ ಒಬ್ಬರು ಡೆಬಿಯನ್ ಅನ್ನುತ್ತಾರೆ, ಇನ್ನೊಬ್ಬರು ಫೆಡೋರಾ, ಮತ್ತೊಬ್ಬರು ಆರ್ಚ್. ಇವೆಲ್ಲ ಡಿಸ್ಟ್ರೋಗಳು, ಅಂದರೆ ಲಿನಕ್ಸ್‌ನ ಬೇರೆ ಬೇರೆ ಸಿದ್ಧರೂಪಗಳು. ಸ್ಕ್ರೀನ್‌ಶಾಟ್ ನೋಡಿ ಆರಿಸಬೇಡಿ. ಪರದೆಯ ನೋಟವನ್ನು ಕೊಡುವ ನೋಮ್, ಕೆಡಿಇ ಎರಡೂ ಈ ಮೂರರಲ್ಲೂ ಸಿಗುತ್ತವೆ. ಹೊಸ ಆವೃತ್ತಿಯ ತಂತ್ರಾಂಶ ನಿಮ್ಮ ಯಂತ್ರಕ್ಕೆ ಯಾವಾಗ ಬರುತ್ತದೆ, ಬರುವ ಮುಂಚೆ ಎಷ್ಟು ಪರೀಕ್ಷೆ ಆಗಿರುತ್ತದೆ ಅನ್ನುವುದರಲ್ಲಿದೆ ವ್ಯತ್ಯಾಸ. ಒಬ್ಬೊಬ್ಬರಿಗೆ ಒಂದೊಂದು ಹಿಡಿಸುವುದು ಹೆಚ್ಚಾಗಿ ಇದೇ ಕಾರಣಕ್ಕೆ.

ಡೆಬಿಯನ್ ಸ್ಟೇಬಲ್ ಸುಮಾರು ಎರಡು ವರ್ಷಕ್ಕೊಮ್ಮೆ ಬರುತ್ತದೆ. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರ ಕರ್ನಲ್ (ಯಂತ್ರಾಂಶವನ್ನು ನಡೆಸುವ ಲಿನಕ್ಸ್‌ನ ತಿರುಳು) 6.1. ಭದ್ರತೆಯ ತಿದ್ದುಪಡಿಗಳು ಅದಕ್ಕೆ ಬರುತ್ತಲೇ ಇರುತ್ತವೆ, 6.1 ಮಾತ್ರ 6.1 ಆಗಿಯೇ ಉಳಿಯುತ್ತದೆ. ಸರ್ವರ್ ನೋಡಿಕೊಳ್ಳುವವರಿಗೆ ಬೇಕಾದ್ದೂ ಇದೇ. ರಾತ್ರಿ ಅಪ್‌ಡೇಟ್ ಮಾಡಿದರೆ ಬೆಳಿಗ್ಗೆ ಡೇಟಾಬೇಸ್‌ನ ಆವೃತ್ತಿ ಬದಲಾಗಿರಬಾರದು.

ಅದೇ ಗುಣ ಹೊಸ ಲ್ಯಾಪ್‌ಟಾಪಿನಲ್ಲಿ ತೊಂದರೆ ಕೊಡುತ್ತದೆ. ಮೀಡಿಯಾಟೆಕ್ ಎಂಟಿ7925 ವೈಫೈ ಚಿಪ್ಪನ್ನೇ ನೋಡಿ. ಅದನ್ನು ನಡೆಸುವ ತಂತ್ರಾಂಶ, ಅಂದರೆ ಡ್ರೈವರ್, ಕರ್ನಲ್‌ಗೆ ಸೇರಿದ್ದು 6.7ರಲ್ಲಿ. ಡೆಬಿಯನ್ 12 ಹಾಕಿದರೆ ವೈಫೈ ಪಟ್ಟಿಯೇ ಕಾಣುವುದಿಲ್ಲ. ಚಿಪ್ ಕೆಟ್ಟಿದೆ ಅಂದುಕೊಂಡು ಅಂಗಡಿಗೆ ಹೋಗಬೇಡಿ. ಫೋನನ್ನು ಯುಎಸ್‌ಬಿ ಕೇಬಲ್‌ನಿಂದ ಜೋಡಿಸಿ ಟೆದರಿಂಗ್ (ಫೋನಿನ ಇಂಟರ್ನೆಟ್ ಹಂಚಿಕೆ) ಆನ್ ಮಾಡಿ, ಸ್ಟೇಬಲ್‌ಗೆಂದೇ ಹೊಸ ಆವೃತ್ತಿಗಳನ್ನು ಇಟ್ಟಿರುವ ಬ್ಯಾಕ್‌ಪೋರ್ಟ್ಸ್ ಭಂಡಾರ ಸೇರಿಸಿ, ಅಲ್ಲಿಂದ ಹೊಸ ಕರ್ನಲ್ ಮತ್ತು ಫರ್ಮ್‌ವೇರ್ (ಚಿಪ್ಪಿನ ಒಳಗೇ ಓಡುವ ತಂತ್ರಾಂಶ) ಎರಡನ್ನೂ ತನ್ನಿ. ಕರ್ನಲ್ ಒಂದನ್ನೇ ತಂದರೆ ಡ್ರೈವರ್ ಎದ್ದರೂ ಫರ್ಮ್‌ವೇರ್ ಸಿಗದೆ ಅಲ್ಲೇ ನಿಲ್ಲುತ್ತದೆ. 2025ರ ಡೆಬಿಯನ್ 13ರಲ್ಲಿ ಕರ್ನಲ್ 6.12 ಇರುವುದರಿಂದ ಈ ಚಿಪ್‌ಗೆ ಇಷ್ಟೆಲ್ಲ ಬೇಕಿಲ್ಲ.

ಫೆಡೋರಾ ಆರು ತಿಂಗಳಿಗೊಮ್ಮೆ ಬರುತ್ತದೆ, ಒಂದೊಂದು ಬಿಡುಗಡೆಗೆ ಸುಮಾರು 13 ತಿಂಗಳ ಆಸರೆ. ನಡುವೆಯೂ ಹೊಸ ಕರ್ನಲ್‌ಗಳು ಬರುತ್ತಿರುತ್ತವೆ. ಹೊಸ ಯಂತ್ರ ಕೊಂಡ ಪ್ರೋಗ್ರಾಮರುಗಳಿಗೆ ನಾನು ಮೊದಲು ಹೇಳುವುದು ಇದನ್ನೇ. ಎನ್ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಮಾತ್ರ ತಾಳ್ಮೆ ಬೇಕು. ಆರ್‌ಪಿಎಂ ಫ್ಯೂಷನ್ ಅನ್ನುವ ಹೊರಗಿನ ಭಂಡಾರದಿಂದ ಡ್ರೈವರ್ ಹಾಕಿದ ಮೇಲೂ ಮಾಡ್ಯೂಲ್ (ಕರ್ನಲ್‌ಗೆ ಸೇರಿಕೊಳ್ಳುವ ಡ್ರೈವರ್ ಭಾಗ) ನಿಮ್ಮ ಯಂತ್ರದಲ್ಲೇ ಕಂಪೈಲ್ ಆಗಬೇಕು, ಅದಕ್ಕೆ ಕೆಲವು ನಿಮಿಷ ಹಿಡಿಯುತ್ತದೆ. ಅವಸರದಲ್ಲಿ ರೀಬೂಟ್ ಮಾಡಿದವರೇ ಕಪ್ಪು ಪರದೆ ನೋಡುವುದು. ಸಹಿ ಇರುವ ತಂತ್ರಾಂಶವನ್ನಷ್ಟೇ ಓಡಲು ಬಿಡುವ ಸೆಕ್ಯೂರ್ ಬೂಟ್ ಆನ್ ಇದ್ದರೆ ಸಹಿ ಇಲ್ಲದ ಮಾಡ್ಯೂಲನ್ನು ಕರ್ನಲ್ ಒಳಗೆ ಬಿಡುವುದಿಲ್ಲ. ಸಹಿಗೆ ಬೇಕಾದ ಕೀ ತಯಾರಿಸಿ, ರೀಬೂಟ್ ಆಗುವಾಗ ಬರುವ ನೀಲಿ ಪರದೆಯಲ್ಲಿ ಅದನ್ನು ನೋಂದಾಯಿಸಬೇಕು.

ಆರ್ಚ್‌ನಲ್ಲಿ ಬಿಡುಗಡೆ ಅನ್ನುವುದೇ ಇಲ್ಲ, ತಂತ್ರಾಂಶ ಹರಿದು ಬರುತ್ತಲೇ ಇರುತ್ತದೆ. ಅಲ್ಲಿ ಹೆಚ್ಚಿನ ಪೆಟ್ಟು ಬೀಳುವುದು ಅರ್ಧ ಅಪ್‌ಡೇಟಿನಿಂದ. ಪ್ಯಾಕೇಜ್ ಪಟ್ಟಿಯನ್ನು ಹೊಸದು ಮಾಡಿಕೊಂಡು ಒಂದೇ ಪ್ರೋಗ್ರಾಂ ಹಾಕಿದಿರಿ ಅನ್ನಿ, ಅದು ಕೇಳುವುದು ಹೊಸ ಲೈಬ್ರರಿ, ನಿಮ್ಮಲ್ಲಿರುವುದು ಹಳೆಯದು. ತಂತ್ರಾಂಶ ಹಾಕುವ ಆರ್ಚ್‌ನ ಸಾಧನ ಪ್ಯಾಕ್‌ಮ್ಯಾನ್‌ಗೆ ಬರಿ "ಎಸ್‌ವೈ" (-Sy) ಕೊಡಲೇಬೇಡಿ, "ಎಸ್‌ವೈಯು" (-Syu) ಕೊಟ್ಟು ಇಡೀ ವ್ಯವಸ್ಥೆಯನ್ನು ಒಟ್ಟಿಗೆ ಏರಿಸಿ. ಮುಂಚೆ ಆರ್ಚ್ ತಾಣದ ಸುದ್ದಿ ಓದಿ. ಕೈಯಾರೆ ಮಾಡಬೇಕಾದ್ದೇನಾದರೂ ಇದ್ದರೆ ಅಲ್ಲಿ ಬರೆದಿರುತ್ತಾರೆ. ಈ ಓದನ್ನು ಇಷ್ಟಪಡುವವರಿಗೆ ಆರ್ಚ್ ನಿಜಕ್ಕೂ ಸೊಗಸು.

ಅಪ್ಪ ಅಮ್ಮನ ಕಂಪ್ಯೂಟರಿಗೆ ಮಿಂಟ್ ಅನ್ನುವ ಡಿಸ್ಟ್ರೋ ಹಾಕಿ. ಇನ್ನೊಂದು ಡಿಸ್ಟ್ರೋ ಆದ ಉಬುಂಟುವಿನ ದೀರ್ಘಾವಧಿ ಆವೃತ್ತಿಯೇ ಅದರ ಬುನಾದಿ. ಉಬುಂಟು 22.04ರಿಂದ ಫೈರ್‌ಫಾಕ್ಸ್ ಬ್ರೌಸರ್ ಸ್ನ್ಯಾಪ್ (ಉಬುಂಟುವಿನದೇ ಬೇರೆ ಬಗೆಯ ಪ್ಯಾಕೇಜ್) ರೂಪದಲ್ಲಿ ಬರುತ್ತದೆ, ಮಿಂಟ್‌ನಲ್ಲಿ ಸಾಮಾನ್ಯ ಪ್ಯಾಕೇಜ್ ಆಗಿಯೇ ಇದೆ. ಇದೊಂದಕ್ಕೇ ಮಿಂಟ್‌ಗೆ ಬಂದವರೂ ಇದ್ದಾರೆ. ಕೆಟ್ಟರೆ ವ್ಯವಸ್ಥೆಯನ್ನು ಹಿಂದಿನ ಸ್ಥಿತಿಗೆ ತರುವ ಟೈಮ್‌ಶಿಫ್ಟ್ ಕೂಡ ಜೊತೆಗೇ ಬರುತ್ತದೆ. ಮೊದಲ ದಿನವೇ ಅದನ್ನು ಚಾಲೂ ಮಾಡಿಡಿ.

ಕನ್ನಡಕ್ಕೆ ಬಂದರೆ, ಕನಿಷ್ಠ ಪ್ಯಾಕೇಜ್‌ಗಳಷ್ಟೇ ಇರುವ ಆರ್ಚ್‌ನಲ್ಲಿ ಅಕ್ಷರಗಳ ಬದಲು ಚೌಕಗಳು ಕಾಣುತ್ತವೆ, ನೋಟೋ ಫಾಂಟ್‌ಗಳನ್ನು ನೀವೇ ಹಾಕಬೇಕು. ಟೈಪಿಂಗ್‌ಗೆ ಡೆಬಿಯನ್, ಉಬುಂಟು, ಮಿಂಟ್‌ಗಳಲ್ಲಿ ಐಬಸ್-ಎಂ17ಎನ್ (ibus-m17n) ಅನ್ನುವ ಪ್ಯಾಕೇಜ್ ಹಾಕಿ. ಲಾಗ್‌ಔಟ್ ಮಾಡಿ ಮತ್ತೆ ಒಳಬಂದರೆ ನುಡಿ ತಂತ್ರಾಂಶದ ಕೈಬಳಕೆಗೆ ಒಗ್ಗುವ ಕೆಜಿಪಿ ಕೀಲಿಮಣೆ ವಿನ್ಯಾಸ ಪಟ್ಟಿಯಲ್ಲಿ ಸಿಗುತ್ತದೆ. ಲಾಗ್‌ಔಟ್ ಮಾಡದೆ ಹುಡುಕಿದರೆ ಬಹಳ ಸಲ ಅದು ಕಾಣುವುದೇ ಇಲ್ಲ.